ಘಡಿ ಮುರಿದ ಬದನೆಕಾಯಿ ಬಣ್ಣದ ಸೀರೆ

ಯಾವ ವಯಸ್ಸಿಗೆ ಏನು ಉಡಬೇಕು ಎಂಬುದನ್ನು ನಮ್ಮ ಹಿರಿಯರು ಎಂದೋ ಗೊತ್ತುಮಾಡಿಟ್ಟಿದ್ದಾರೆ. ತೊಟ್ಟಿಲ ಕೂಸಿಗೆ ಕುಂಚಿಗೆ, ಓಡಾಡುವ ಹುಡುಗಿಗೆ ಪರಕಾರ, ಮದುವಣಗಿತ್ತಿಗೆ ಹಳದಿ ಸೀರೆ, ಬಸುರಿಗೆ ಹಸಿರು ಸೀರೆ, ಹಲ್ಲು ಬಿದ್ದ ಮುದುಕಿಗೆ ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆ. ಇಷ್ಟೆಲ್ಲ ನೆನಪಿಟ್ಟ ಹಿರಿಯರು ನಡುವಯಸ್ಸು ಒಂದನ್ನು ಮಾತ್ರ ಮರೆತುಬಿಟ್ಟರು. ಹಲ್ಲೆಲ್ಲ ಗಟ್ಟಿಯಾಗಿರುವ, ಮಂಡಿ ಮಾತ್ರ ಆಗಾಗ ಮಾತಾಡುವ, ಕನ್ನಡಿ ಕಂಡರೆ ಒಮ್ಮೆ ನೋಡಬೇಕೆನಿಸಿ ನೋಡಿದ ಮೇಲೆ ಯಾಕಾದರೂ ನೋಡಿದೆನೋ ಎನಿಸುವ ನಲವತ್ತಾರರ ಹೆಂಗಸು ಏನು ಉಡಬೇಕು? ಅದರಲ್ಲೂ ಅವಳು ಗಂಡ ಸತ್ತವಳಾದರೆ? ಇದನ್ನು ಯಾರನ್ನಾದರೂ ಕೇಳಬೇಕೆಂದು ನನಗೆ ಬಹಳ ದಿನ ಅನಿಸಿತ್ತು. ಕೇಳಲಿಲ್ಲ. ಕೇಳದೆ ಇದ್ದುದರಿಂದ ಏನೇನಾಯಿತು ಎಂಬುದನ್ನು, ಮೊಮ್ಮಕ್ಕಳೇ, ನಿಮ್ಮ ಆಯಿ ಈ ಕಾಗದದಲ್ಲಿ ಒಪ್ಪಿಕೊಳ್ಳುತ್ತಿದ್ದಾಳೆ. ನೀವು ದೊಡ್ಡವರಾಗಿ ಅಕ್ಷರ ಕಲಿತ ಮೇಲೆ ಓದಿ ನಗಬಹುದು. ಅಷ್ಟು ಹೊತ್ತಿಗೆ ನಾನು ಎದುರಿಗೆ ಇರುವುದಿಲ್ಲವಾದ್ದರಿಂದ ನನಗೆ ನಾಚಿಕೆಯೂ ಆಗುವುದಿಲ್ಲ.

ನಾನು ಹುಟ್ಟಿನಿಂದಲೇ ನಾಚಿಕೆಯವಳು. ಅಪ್ಪ ನನ್ನನ್ನು ಅಣ್ಣನ ಜೊತೆ ಮಠದ ಅಯ್ಯನವರ ಸಾಲಿಗೆ ಕಳಿಸಿದ್ದ. ಉಸುಕು ಹರವಿ ಬೆರಳಿನಿಂದ ಬರೆಯುತ್ತಿದ್ದೆವು. ಅಯ್ಯನವರು ಏನಾದರೂ ಕೇಳಿದರೆ ಉತ್ತರ ನನಗೆ ಗೊತ್ತಿರುತ್ತಿತ್ತು; ಆದರೆ ಎದ್ದು ನಿಲ್ಲುವುದಕ್ಕೆ ಅಂಜಿ ಅಣ್ಣನ ಬೆನ್ನ ಹಿಂದಿನಿಂದ ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಅವನು ಎದ್ದು ಅದನ್ನೇ ಗಟ್ಟಿಯಾಗಿ ಹೇಳಿ ಶಾಭಾಸ್ ಎನಿಸಿಕೊಳ್ಳುತ್ತಿದ್ದ. ಹೀಗೆ ನಾನು ಕಲಿತದ್ದು ಎರಡು ವಿದ್ಯೆ: ಒಂದು ಓದುಬರಹ, ಇನ್ನೊಂದು ನನ್ನ ಮಾತನ್ನು ಇನ್ನೊಬ್ಬರ ಹೆಸರಿನಲ್ಲಿ ಆಡುವುದು. ಮೊದಲನೆಯದಕ್ಕಿಂತ ಎರಡನೆಯದರಲ್ಲಿಯೇ ನಾನು ಹೆಚ್ಚು ಪಳಗಿದೆ.

ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ಇದ್ದಾಗ ಉಡುಗೆಯ ಚಿಂತೆಯೇ ಇರಲಿಲ್ಲ. ಅವರದು ರೋಣದ ಪೇಟೆಯಲ್ಲಿ ಹತ್ತಿಯ ವ್ಯಾಪಾರ. ಮನೆಯಲ್ಲಿಯೂ ಅವರ ಮನಸ್ಸು ಹತ್ತಿಯ ಅಂಡಿಗೆಗಳ ಮೇಲೆಯೇ ಇರುತ್ತಿತ್ತು. ನಾನು ಹೊಸ ಸೀರೆ ಉಟ್ಟು ಎದುರಿಗೆ ಹೋಗಿ ನಿಂತರೆ ತಲೆ ಎತ್ತದೆಯೇ, "ಚಲೋ ಕಾಣ್ತೈತಿ," ಅನ್ನುತ್ತಿದ್ದರು. ಒಮ್ಮೆ ಪರೀಕ್ಷೆ ಮಾಡೋಣವೆಂದು ಸಾರಿಸುವಾಗ ಉಡುವ ಹರಕು ಸೀರೆಯಲ್ಲಿ ಹೋಗಿ ನಿಂತೆ. ಆಗಲೂ, "ಚಲೋ ಕಾಣ್ತೈತಿ," ಅಂದರು. ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ನೋಡದೆ ಆಡಿದ ಮಾತಾದರೇನು, ಮಾತು ಮಾತೇ. ಅವರು ಹೋದ ಮೇಲೆ ನಾಲ್ಕು ವರ್ಷ ನನ್ನ ಮೈಮೇಲಿನ ಅರಿವೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಮಗ ಒಳ್ಳೆಯವನು, ಸೊಸೆ ಶಾಂತವ್ವ ಇನ್ನೂ ಒಳ್ಳೆಯವಳು. ಹೊತ್ತಿಗೆ ರೊಟ್ಟಿ ಬಡಿದು ಹಾಕುತ್ತಾಳೆ, ಮಂಡಿಗೆ ಎಣ್ಣೆ ಕಾಸಿ ಕೊಡುತ್ತಾಳೆ. ಆದರೆ ಮನೆಯಲ್ಲಿ ಎಲ್ಲರೂ ನನ್ನನ್ನು ಕಂಬವನ್ನು ನೋಡುವ ಹಾಗೆ ನೋಡುತ್ತಾರೆ. ಕಂಬ ಬಿದ್ದರೆ ಗಾಬರಿಯಾಗುತ್ತಾರೆ, ನಿಜ. ಬೀಳದೆ ನಿಂತಿರುವವರೆಗೆ ಅದಕ್ಕೆ ಯಾವ ಬಣ್ಣ ಹಚ್ಚಿದೆ ಎಂದು ಯಾರು ನೋಡುತ್ತಾರೆ? ನಾನೇ ನೋಡಿಕೊಳ್ಳೋಣವೆಂದರೆ ಮನೆಯ ಕನ್ನಡಿ ಅಂಗೈಯಷ್ಟು. ಒಂದು ಸಲಕ್ಕೆ ಒಂದು ಕಣ್ಣು, ಇಲ್ಲವೆ ಒಂದು ಕಿವಿ ಕಾಣುತ್ತದೆ. ಇಡೀ ಮೈ ಕಾಣಬೇಕೆಂದರೆ ಬಚ್ಚಲಿನ ತಾಮ್ರದ ಹಂಡೆಯ ಮುಂದೆ ನಿಲ್ಲಬೇಕು. ಅದು ಹೊಳೆಯುವ ಹಾಗೆ ನಾನೇ ಹುಣಸೆಹಣ್ಣಿನಿಂದ ತಿಕ್ಕಿ, ಅದರಲ್ಲಿ ನೋಡಿಕೊಂಡರೆ, ಅದು ನನ್ನನ್ನು ಕುಂಬಳಕಾಯಿ ಮಾಡಿ ತೋರಿಸುತ್ತದೆ. ಉಪಕಾರ ಸ್ಮರಣೆ ಇಲ್ಲದ ಹಂಡೆ.

ಇನ್ನು ಸೀರೆಗಳ ವಿಷಯ. ನಮ್ಮಲ್ಲಿ ಮದುವೆ, ತೊಟ್ಟಿಲು, ಯಾವ ಕಾರ್ಯವಾದರೂ ನೆಂಟರು ಒಬ್ಬರಿಗೊಬ್ಬರು ಅರಿವೆ ಉಡುಗೊರೆ ಕೊಡುವುದುಂಟು. ಅದಕ್ಕೆ ಆಯೇರ ಅನ್ನುತ್ತೇವೆ. ಆಯೇರದ ಸೀರೆಗಳಲ್ಲಿ ಕೆಲವನ್ನು ಉಡುತ್ತಾರೆ, ಉಳಿದವನ್ನು ಮುಂದಿನ ಕಾರ್ಯಕ್ಕೆ ಇನ್ನೊಬ್ಬರಿಗೆ ಕೊಡುತ್ತಾರೆ. ಕೆಲವು ಸೀರೆಗಳು ಹೀಗೆ ರೋಣ, ಸೂಡಿ, ಗಜೇಂದ್ರಗಡ, ಮೆಣಸಗಿ ಎಲ್ಲ ತಿರುಗಿ ಉಡುವವರಿಗಿಂತ ಹೆಚ್ಚು ಊರು ನೋಡಿರುತ್ತವೆ. ಕಟ್ಟಳೆ ಒಂದೇ, ಘಡಿ ಮುರಿದಿರಬಾರದು. ಅಂದರೆ ನೇಕಾರ ಮಡಿಸಿದ ಮಡಿಕೆಯನ್ನು ಬಿಚ್ಚಿ ಯಾರೂ ಒಮ್ಮೆಯೂ ಉಟ್ಟಿರಬಾರದು. ಘಡಿ ಮುರಿದ ಸೀರೆಯನ್ನು ಆಯೇರ ಮಾಡಿದರೆ, ಎಂಜಲು ಅನ್ನ ಬಡಿಸಿದಷ್ಟೇ ಅವಮಾನ. ಗಂಡ ಸತ್ತವಳಿಗೂ ಆಯೇರ ತಪ್ಪುವುದಿಲ್ಲ. ಆದರೆ ಅವಳಿಗಾಗಿ ಯಾರೂ ಆರಿಸುವುದಿಲ್ಲ. "ಅವರಿಗೇನು, ಯಾವದಾದ್ರೂ ನಡೀತೈತಿ," ಎಂದು ಒಂದು ಬೂದಿ ಬಣ್ಣದ್ದನ್ನು ಗಂಟಿಗೆ ಹಾಕುತ್ತಾರೆ. ನಾಲ್ಕು ವರ್ಷದಲ್ಲಿ ನನ್ನ ಪೆಟ್ಟಿಗೆಯಲ್ಲಿ ಎಂಟು ಬೂದಿ ಬಣ್ಣದ ಸೀರೆ ಕೂಡಿದವು. ಬೂದಿಯಲ್ಲಿಯೂ ಎಷ್ಟು ಬಗೆ ಎಂದು ನನಗೆ ಗೊತ್ತಾದದ್ದು ಆಗಲೇ. ಒಲೆಯ ಬೂದಿ, ಕುಳ್ಳಿನ ಬೂದಿ, ಮಳೆಯಲ್ಲಿ ತೊಯ್ದ ಬೂದಿ. ನಾನು ಸ್ವಲ್ಪ ಕಪ್ಪಗಿನವಳು. ಕಪ್ಪು ಮೈಗೆ ಬೂದಿ ಬಣ್ಣ ಸುತ್ತಿದರೆ ಈಗಷ್ಟೇ ಆರಿದ ಕೆಂಡದ ಹಾಗೆ ಕಾಣುತ್ತೇನೆ.

ಮಗಳು ನೀಲವ್ವನನ್ನು ನರಗುಂದಕ್ಕೆ ಕೊಟ್ಟಿದ್ದೆವು. ಅವಳಿಗೆ ಚೊಚ್ಚಲ ಹೆಣ್ಣು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಆ ಕಾರ್ಯಕ್ಕೆ ಒಂದು, ಒಂದೇ ಒಂದು, ನನಗೊಪ್ಪುವ ಸೀರೆ ಉಟ್ಟು ಹೋಗಬೇಕೆಂದು ನನಗೆ ಆಸೆಯಾಯಿತು. ಕೆಂಪು ಹಸಿರು ಏನೂ ಬೇಡ. ಬದನೆಕಾಯಿ ಬಣ್ಣ, ಸಣ್ಣ ಅಂಚು. ದೂರದಿಂದ ನೋಡಿದವರಿಗೆ ಇದ್ದೂ ಇಲ್ಲದ ಹಾಗೆ, ಹತ್ತಿರ ಬಂದವರಿಗೆ ಓಹೋ ಅನ್ನುವ ಹಾಗೆ. ಗಜೇಂದ್ರಗಡದ ಮಗ್ಗದ ಸೀರೆಗಳನ್ನು ತಟ್ಟು ಕುದುರೆಯ ಮೇಲೆ ಹೇರಿಕೊಂಡು ಇಮಾಮಸಾಬ ಎಂಬ ವ್ಯಾಪಾರಿ ನಮ್ಮ ಓಣಿಗೆ ಬರುತ್ತಿದ್ದ. ಅವನು ಬಂದು ಕಟ್ಟೆಯ ಮೇಲೆ ಗಂಟು ಬಿಚ್ಚಿದ. ಮೂರನೆಯ ಮಡಿಕೆಯಲ್ಲಿಯೇ ಅದು ಇತ್ತು. ನಾನು ಬೆರಳು ತೋರಿಸಿದೆ.

"ಯಾರಿಗ್ರಿ ಅವ್ವಾರ?" ಅಂದ ಇಮಾಮಸಾಬ.

ನಾನು ಅನ್ನಬೇಕಾದದ್ದು ಒಂದೇ ಮಾತು, "ನನಗ." ಮೂರು ಅಕ್ಷರ. ಅಷ್ಟರಲ್ಲಿ ಶಾಂತವ್ವ ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದು ನಿಂತಳು. ನನ್ನ ಬಾಯಿ ತಾನಾಗಿಯೇ, "ಬೀಗರಿಗೆ," ಅಂದಿತು. ಬೀಗರು ಅಂದರೆ ನೀಲವ್ವನ ಅತ್ತೆ ಗೌರವ್ವ, ನನ್ನ ವಾರಿಗೆಯವರೇ.

"ಅತ್ತೀ, ಭಾಳ ಚಲೋ ಬಣ್ಣ ಆರಿಸೀರಿ!" ಅಂದಳು ಶಾಂತವ್ವ.

"ಅಂಚು ಸಣ್ಣದಾತಲ್ಲ್ರಿ," ಅಂದ ಇಮಾಮಸಾಬ. "ಮುತ್ತೈದಿ ಬೀಗರಿಗೆ ಒಯ್ಯೂ ಸೀರಿ, ಇಂಥಾ ಸಣ್ಣ ಅಂಚಿಂದು ಒಯ್ದ್ರ ನನ್ನ ಹೆಸರಿಗೂ ಮಸಿ ಬರ್ತೈತಿ. ಇದ ಬಣ್ಣದಾಗ ಕೆಂಪು ಅಗಲ ಅಂಚಿಂದು ಐತಿ, ತಡೀರಿ."

"ಸಣ್ಣದ ಇರಲಿ ಬಿಡಪಾ."

"ಛೇ, ಅತ್ತೀ, ಸುಮ್ಮನಿರ್ರಿ. ನೀಲವ್ವನ ಮರ್ಯಾದಿ ಪ್ರಶ್ನಿ. ಅಗಲ ಅಂಚಿಂದ ಕೊಡಪಾ," ಅಂದಳು ಶಾಂತವ್ವ.

ಹೀಗೆ ನಾನು ಬೇಡಿದ್ದಕ್ಕಿಂತ ಚೆಂದದ ಸೀರೆ ಮನೆಗೆ ಬಂದಿತು, ಬೇರೆಯವರಿಗೆ. ಶಾಂತವ್ವ ಅದನ್ನು ಕೈಯಾರೆ ಆಯೇರದ ಗಂಟಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ಅವಳಿಗೆ ಆಗ ದಿನ ತುಂಬಿದ್ದರಿಂದ ನರಗುಂದಕ್ಕೆ ಬರಲಿಲ್ಲ. ಮಗ ಬಂಡಿ ಹೂಡಿದ. ನಾನು ಎಂಟರಲ್ಲಿ ಕಡಿಮೆ ಬೂದಿಯದನ್ನು ಉಟ್ಟು, ದಾರಿಯುದ್ದಕ್ಕೂ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ನರಗುಂದದ ಗುಡ್ಡ ಕಾಣಿಸುವ ಹೊತ್ತಿಗೆ ಗಂಟಿನ ಬಾಯಿಯನ್ನು ನಾಲ್ಕು ಸಲ ಬಿಚ್ಚಿ ನೋಡಿದ್ದೆ. ಮಗ ಹಿಂದಿರುಗಿ, "ಏನರೆ ಮರತಿಯೇನವಾ?" ಎಂದು ಕೇಳಿದ. ಇಲ್ಲ ಅಂದೆ.

ಮರುದಿನ ಮುಂಜಾನೆ ಬೀಗರ ಮನೆಯಲ್ಲಿ ಎಲ್ಲರೂ ಹಿತ್ತಲಲ್ಲಿ, ಅಡುಗೆಮನೆಯಲ್ಲಿ ಗಡಿಬಿಡಿಯಲ್ಲಿದ್ದರು. ನನಗೆ ಕೊಟ್ಟ ಒಳಕೋಣೆಯಲ್ಲಿ ನಾನು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಗಂಟಿನ ಮುಂದೆ ಕುಳಿತೆ. ಒಂದು ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ನೋಡಿ, ಹಾಗೆಯೇ ಮಡಿಸಿ ಇಟ್ಟರಾಯಿತು ಎಂದುಕೊಂಡೆ. ಒಂದು ಮಡಿಕೆ ಬಿಚ್ಚಿದ ಮೇಲೆ ಎರಡನೆಯದು ಏನು ಪಾಪ ಮಾಡಿತ್ತು ಅನಿಸಿತು. ಹದಿನಾರು ಮೊಳದ ಸೀರೆ, ಮಕ್ಕಳೇ, ಹಾಸಿದ ಮೇಲೆ ಅದು ತಾನಾಗಿಯೇ ಮೈಗೆ ಬರುತ್ತದೆ. ನಾನು ಉಡಲಿಲ್ಲ, ಅದೇ ಉಡಿಸಿಕೊಂಡಿತು ಎಂದು ಯಾವ ಪಂಚರ ಮುಂದೆ ಬೇಕಾದರೂ ಹೇಳುತ್ತೇನೆ. ಹರೆಯದಲ್ಲಿ ಏಳು ನಿರಿಗೆ ಬರುತ್ತಿದ್ದವು, ಈಗ ಐದೇ ಬಂದವು. ಎರಡು ನಿರಿಗೆ ಎಲ್ಲಿ ಹೋದವೆಂದು ಸೊಂಟವನ್ನೇ ಕೇಳಬೇಕು. ಸೆರಗನ್ನು ಹೊದ್ದು ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ನಡೆದೆ. ಆಗ ಬಾಗಿಲು ದೂಡಿಕೊಂಡು ಗೌರವ್ವನವರು ಒಳಗೆ ಬಂದರು, ಅಟ್ಟದ ಮೇಲಿನ ಬೆಲ್ಲ ತೆಗೆಯಲು.

"ಯಾರವಾ?" ಅಂದರು.

"ನಾನ್ರಿ."

"ನಾನಂದ್ರ ಯಾರು? ಸೂಡಿಯಾವರೇನು? ಯಾವಾಗ ಬಂದ್ರಿ?"

ನಾನು ಮುಖ ತಿರುಗಿಸಿದೆ. ಗೌರವ್ವನವರ ಕೈ ಬಾಗಿಲ ಮೇಲೆಯೇ ನಿಂತಿತು. ನರಗುಂದದಲ್ಲಿ ಅವರ ನಾಲಗೆಗೆ ಅಂಜದವರಿಲ್ಲ. ನನ್ನ ಮಗಳು ಆ ನಾಲಗೆಯ ಕೆಳಗೆ ಬಾಳಬೇಕು. ಬೀಗರಿಗೆ ತಂದ ಆಯೇರದ ಘಡಿ ಮುರಿದವಳು ನಾನು. ಅದೂ ಗಂಡ ಸತ್ತವಳು, ಕೆಂಪು ಅಂಚಿನ ಸೀರೆಯನ್ನು. ಈಗ ಇವರಿಗೆ ಏನು ಉಡಿಸಲಿ? ಬಂದ ಮಂದಿಗೆ ಏನು ಹೇಳಲಿ? ನೀಲವ್ವನಿಗೆ ಜನ್ಮಪೂರ್ತಿ ಒಂದು ಮಾತಾಯಿತಲ್ಲ!

"ಇದು ನಿಮ್ಮ ಸೀರಿ," ಅಂದೆ. "ಆಯೇರದ್ದು. ನಾನು... ಅಳತಿ ನೋಡಾಕತ್ತಿದ್ದೆ."

"ಅಳತಿ?" ಅಂದರು ಗೌರವ್ವನವರು. "ಸೀರಿಗೆಂಥಾ ಅಳತಿರಿ ಬೀಗರ, ಅದೇನು ಕುಪ್ಪಸೇನು?"

ನನಗೆ ಅಳುವೊಂದೇ ಬಾಕಿ ಇತ್ತು. ಅವರು ಬಾಗಿಲು ಅರೆ ಮುಚ್ಚಿ ಹತ್ತಿರ ಬಂದರು. "ಇತ್ಲಾಗ ಬರ್ರಿ, ಬೆಳಕಿಗೆ," ಅಂದರು. ಕಿಟಕಿಯ ಹತ್ತಿರ ಹೋದೆ. "ತಿರುಗ್ರಿ," ಅಂದರು. ತಿರುಗಿದೆ. "ಸೆರಗು ಇಷ್ಟುದ್ದ ಇಳಿಬಿಟ್ಟೀರಲ್ಲ, ನಾವೇನು ಮದಿಮಕ್ಕಳೇನು? ನಿರಿಗಿ ದಪ್ಪ ಹಿಡದೀರಿ, ಹೊಟ್ಟಿ ಮುಂದ ಬರ್ತೈತಿ. ಗಂಟು ಬಾಜೂಕ ಹಾಕಬೇಕ್ರಿ, ನಡುವ ಅಲ್ಲ. ನಿಮಗ ಯಾರೂ ಹೇಳಿಲ್ಲೇನು?"

"ಯಾರು ಹೇಳ್ತಾರ್ರಿ," ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಕೆಳಗೆ ಕುಳಿತು ನಿರಿಗೆ ಬಿಚ್ಚಿ ಒಂದೊಂದಾಗಿ ಸಣ್ಣಗೆ ಹಿಡಿದರು. ಗಂಟನ್ನು ಪಕ್ಕಕ್ಕೆ ಸರಿಸಿದರು. ಸೆರಗನ್ನು ಮೊಳಕೈಯವರೆಗೆ ಎಳೆದು ಅಂಗೈಯಿಂದ ಸವರಿ ಕೂಡಿಸಿದರು. ಮಗನ ಮಕ್ಕಳ ಕೈ ಬಿಟ್ಟರೆ, ನನ್ನನ್ನು ಇನ್ನೊಂದು ಕೈ ಹೀಗೆ ಮುಟ್ಟಿ ನಾಲ್ಕು ವರ್ಷವಾಗಿತ್ತು. ಮುಗಿದ ಮೇಲೆ ಅವರು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, "ಹಾಂ, ಈಗ ಚಲೋ ಕಾಣ್ತೀರಿ," ಅಂದರು. ನಿಮ್ಮ ಮುತ್ಯಾ ಮೂವತ್ತು ವರ್ಷ ಆಡಿದ ಮಾತು ಅದೇ. ಆದರೆ ಇವರು ನೋಡಿ ಅಂದರು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬೆಲ್ಲ ಯಾಕೆ ಬರಲಿಲ್ಲವೆಂದು ಹುಡುಕುತ್ತ ಬಾಗಿಲಿಗೆ ಬಂದಳು. ನನ್ನನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ, ಇದೇನ್ರಿ ಇವರು..."

"ನನ್ನ ಸೀರಿ ಘಡಿ ಮುರೀರಿ ಅಂತ ಬೀಗರಿಗೆ ನಾನ ಹೇಳೀನಿ," ಅಂದರು ಗೌರವ್ವನವರು. "ತಂದವರ ಕೈಲೆ ಘಡಿ ಮುರಿಸಿದ್ರ ಸೀರಿ ಬಾಳಿಕಿ ಬರ್ತೈತಿ. ನಿಮ್ಮ ಮನ್ಯಾಗ ಈ ಪದ್ಧತಿ ಇಲ್ಲೇನು?"

"ಇಲ್ಲರಿ."

"ಅದಕ್ಕ ನಿಮ್ಮ ಸೀರಿ ಲಗೂ ಹರೀತಾವ. ಬೆಲ್ಲ ಹಿಡಿ, ನಡಿ."

ಹೀಗೆ ನಿಂತ ನಿಲುವಿನಲ್ಲಿ ಒಂದು ಪದ್ಧತಿ ಹುಟ್ಟಿತು. ಹುಟ್ಟಿದ ಮೇಲೆ ಅದನ್ನು ಸಾಕಬೇಕಲ್ಲ. ಕಾರ್ಯ ಮುಗಿಯುವವರೆಗೆ ನಾನು ಆ ಸೀರೆಯಲ್ಲಿಯೇ ಇರಬೇಕೆಂದು ಗೌರವ್ವನವರು ಅಪ್ಪಣೆ ಮಾಡಿದರು. ಎಲ್ಲರೂ ನೋಡಲಿ ಎಂದು ಆಸೆಪಟ್ಟವಳು ನಾನೇ. ಈಗ ಎಲ್ಲರೂ ನೋಡತೊಡಗಿದಾಗ ಕಂಬದ ಹಿಂದೆ ನಿಂತೆ. ಕಂಬ ಸಣ್ಣದು, ನಾನು ಅಷ್ಟು ಸಣ್ಣವಳಲ್ಲ. "ಯಾರ ಸೀರಿ? ಬೀಗರದಂತ! ಇವರಿಗೇ ಎಷ್ಟು ಒಪ್ಪೇತಿ ನೋಡ," ಎಂದು ಒಬ್ಬರು ಪಿಸುಗುಟ್ಟಿದರು. ಇನ್ನೊಬ್ಬರು ಏನೋ ಅಂದದ್ದು ಕಿವಿಗೆ ಬೀಳಲಿಲ್ಲ, ಬೀಳದಿದ್ದುದೇ ಒಳ್ಳೆಯದು. ನೀಲವ್ವ ಕೂಸನ್ನು ಎತ್ತಿಕೊಂಡು ಬಂದವಳು ನನ್ನನ್ನು ನೋಡಿ ಅಲ್ಲಿಯೇ ನಿಂತಳು. "ಅವ್ವಾ," ಅಂದಳು, "ನೀ ಇಷ್ಟು ಲಕ್ಷಣ ಇದ್ದಿಯೇನ? ನಾ ನೋಡೇ ಇರಲಿಲ್ಲ ನೋಡ." ಇಪ್ಪತ್ತು ವರ್ಷದ ಮಗಳು ಮೊದಲ ಸಲ ತಾಯಿಯನ್ನು ಕಂಡ ಮಾತು ಅದು. ನಾನು ಕೂಸನ್ನು ಇಸಿದುಕೊಂಡೆ. ಕೂಸು ಕೂಡಲೇ ನನ್ನ ಮಡಿಲು ತೋಯಿಸಿತು. ಆ ಕೂಸು ಯಾರೆಂದು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಒಬ್ಬಳಿಗೆ ಗೊತ್ತಾಗುತ್ತದೆ.

ಸಂಜೆಗೆ ಸೀರೆ ತೊಳೆದು ಒಣಗಿಸಿ ಮಡಿಸಿ ಗೌರವ್ವನವರ ಕೈಗೆ ಇಟ್ಟೆ. ಅದು ಅವರದೇ, ಅವರು ಒಂದು ಸಲ ಅದನ್ನು ನನ್ನದೆಂದು ನಟಿಸಲು ಬಿಟ್ಟರು, ಅಷ್ಟೇ. ಇನ್ನು ಅವರು ನನಗೆ ಕೊಡಬೇಕಾದ ಆಯೇರ ಇತ್ತು. ಪೆಟ್ಟಿಗೆ ತೆಗೆದರು. ತೆಗೆದ ಕೈ ತಡೆಯಿತು. ಅದು ಬೂದಿ ಬಣ್ಣದ್ದು. "ತಿಂಗಳ ಹಿಂದನ ತರಿಸಿಟ್ಟಿದ್ದೆ," ಅಂದರು, ತಲೆ ಕೆಳಗೆ ಹಾಕಿ. "ಒಂದು ಮಾತು ಕೇಳಬೇಕಿತ್ತು ನಿಮ್ಮನ್ನ." ಆ ನಾಲಗೆ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಭಾಳ ಚಲೋ ಐತ್ರಿ," ಅಂದೆ ನಾನು, "ನನಗ ಇಂಥಾದ್ದ ಬೇಕಾಗಿತ್ತು." ಒಂಬತ್ತನೆಯದು.

ತಿರುಗಿ ಬರುವಾಗ ಮಗ ಸ್ವಲ್ಪ ಸುತ್ತು ಹಾಕಿ ಶಿರೋಳಕ್ಕೆ ಬಂಡಿ ಹೊಡೆದ. ಅಲ್ಲಿ ನನ್ನ ಅತ್ತಿಗೆ ಬಸಲಿಂಗವ್ವ ಇದ್ದಾಳೆ, ಆ ಸಾಲಿಯಲ್ಲಿ ನನ್ನ ಉತ್ತರ ಹೇಳಿ ಶಾಭಾಸ್ ಗಿಟ್ಟಿಸಿದ ಅಣ್ಣನ ಹೆಂಡತಿ. ಅಣ್ಣ ಹೋಗಿ ಹತ್ತು ವರ್ಷವಾಯಿತು. ಕಾರ್ಯದ ಆಯೇರದಲ್ಲಿ ಅವಳಿಗೂ ಒಂದು ಸೀರೆ ಮುಟ್ಟಿಸಬೇಕು. ಅವಳು ಜಗಲಿಯ ಮೇಲೆ ಹತ್ತಿ ಬಿಡಿಸುತ್ತ ಕುಳಿತಿದ್ದಳು. ಉಂಡೆವು, ಎಲೆ ಅಡಿಕೆ ಹಾಕಿಕೊಂಡೆವು. ನಾನು ಗಂಟಿಗೆ ಕೈ ಹಾಕಿ ಅವಳಿಗೆಂದು ಊರಿನಿಂದಲೇ ತಂದ ಸೀರೆಯನ್ನು ಹೊರಗೆ ತೆಗೆದೆ. ತೆಗೆದವಳು ಅದನ್ನು ನೋಡಿದೆ. ಆಮೇಲೆ ಅವಳ ಮೈಮೇಲಿದ್ದುದನ್ನು ನೋಡಿದೆ. ಅದು ನಾನು ಮೂರು ವರ್ಷದ ಹಿಂದೆ ಕೊಟ್ಟದ್ದು. ಹಗ್ಗದ ಮೇಲೆ ಒಣಗುತ್ತಿದ್ದುದು ಅದಕ್ಕೂ ಹಿಂದಿನದು. ಮೂರೂ ಒಂದೇ ಬೂದಿ. ಹತ್ತು ವರ್ಷದಲ್ಲಿ ನಾನು ಈ ಕೈಯಿಂದಲೇ ಅವಳಿಗೆ ಎಷ್ಟು ಕೊಟ್ಟಿದ್ದೇನೋ! ಆರಿಸುವಾಗ ಏನು ಅಂದುಕೊಂಡಿದ್ದೆ ಎಂಬುದೂ ಚೆನ್ನಾಗಿ ನೆನಪಿತ್ತು. ಏನೂ ಅಂದುಕೊಂಡಿರಲಿಲ್ಲ.

ಸೀರೆಯನ್ನು ಮತ್ತೆ ಗಂಟಿಗೆ ತುರುಕಿದೆ. "ಅತ್ತಿಗೆವ್ವಾ, ನಿನಗ ಯಾವ ಬಣ್ಣ ಸೇರ್ತೈತಿ?" ಅಂದೆ.

"ಯಾತರ ಬಣ್ಣ?"

"ಸೀರಿದ."

ಅವಳು ನಕ್ಕಳು. "ಬಿಸಲಿಗೆ ತಲಿ ಕೆಟ್ಟೇತೇನ ತಂಗೆವ್ವಾ ನಿಂದು?" ಎಂದು ಹತ್ತಿ ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. "ಕೂಡಲೆ ಕೇಳಿದ್ರ ಹ್ಯಾಂಗ ಹೇಳಲಿ? ಯಾರು ಕೇಳ್ತಾರ ಅಂತ ನೆನಪಿಟ್ಟುಕೊಂಡಿರಬೇಕು?" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಹೊತ್ತು ಇಳಿಯಿತು, ಮಗ ಎತ್ತು ಹೂಡಿದ. ನಾನು ಬಂಡಿ ಏರಿ ಕುಳಿತ ಮೇಲೆ ಅವಳು ಲಗುಬಗೆಯಿಂದ ಹತ್ತಿರ ಬಂದು ಗಾಲಿ ಹಿಡಿದುಕೊಂಡಳು. ಮಗನಿಗೆ ಕೇಳಿಸಬಾರದೆಂದು ನನ್ನ ಕಿವಿಗೆ ಬಾಗಿದಳು. ಐವತ್ತು ದಾಟಿದ ಮುಖ, ಆ ಹೊತ್ತಿಗೆ ಕೆಂಪಾಗಿತ್ತು.

"ಗಿಳಿಹಸಿರು," ಅಂದಳು.

ನಾನು ನಿಮ್ಮ ಆಯಿ. ಬದನೆಕಾಯಿ ಬಣ್ಣಕ್ಕೆ ಅತ್ತವಳು, ಮುಂಜಾನೆ ಕದ್ದು ಸೀರೆ ಉಟ್ಟವಳು, ಊರೆಲ್ಲ ತನ್ನನ್ನು ಕೇಳಲಿಲ್ಲವೆಂದು ಕೊರಗಿದವಳು. ನನ್ನ ಬಾಯಿಂದ ಹೊರಗೆ ಬಂದ ಮಾತು ಹೀಗಿತ್ತು:

"ಅಯ್ಯ, ಈ ವಯಸ್ಸಿನಾಗ?"

ಅವಳು ಗಾಲಿಯಿಂದ ಕೈ ತೆಗೆದಳು. "ನೀ ಕೇಳಿದಿ ಅಂತ ಹೇಳಿದೆ ತಂಗಿ," ಅಂದಳು. ಬಂಡಿ ಹೊರಟಿತು. ಜನ್ಮವಿಡೀ ಆಡಬೇಕಾದ ಹೊತ್ತಿಗೆ ಆಡದ ಬಾಯಿ, ಆಡಬಾರದ ಹೊತ್ತಿಗೆ ಎಷ್ಟು ಚುರುಕಾಯಿತು ನೋಡಿ.

ಇಮಾಮಸಾಬನಿಂದ ಗಿಳಿಹಸಿರು ಸೀರೆ ತರಿಸಿದ್ದೇನೆ. ಯಾರಿಗೆಂದು ಅವನು ಕೇಳಿದ. ನನ್ನ ಅತ್ತಿಗೆಗೆ ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವನು ಹುಬ್ಬೇರಿಸಿದ, ಏರಿಸಿಕೊಳ್ಳಲಿ. ಅದನ್ನು ತೆಗೆದುಕೊಂಡು ಶಿರೋಳಕ್ಕೆ ಹೋಗಿ ತಪ್ಪಾಯಿತೆಂದು ಹೇಳಬೇಕು. ಬಂಡಿ ಸಿದ್ಧವಿದೆ, ಹೇಳುವ ಮಾತನ್ನೂ ಬಾಯಿಪಾಠ ಮಾಡಿದ್ದೇನೆ. ಏನು ಉಟ್ಟುಕೊಂಡು ಹೋಗಲಿ ಎಂಬುದೊಂದು ಮಾತ್ರ ಎಂಟು ದಿನದಿಂದ ಬಗೆಹರಿಯುತ್ತಿಲ್ಲ.